ಅಕ್ಕನ ಟ್ಯಾಂಕು ನಿಂತಾಗ

ನನ್ನ ಬಳಿ ಟಿವಿ ಗೇಮಿನ ಮೂವತ್ತೊಂದು ಕ್ಯಾಸೆಟ್ಟುಗಳಿವೆ. ಹಳದಿ, ಕಪ್ಪು, ಬೂದು, ಒಂದು ಮಾತ್ರ ಕೆಂಪು. ಕೊಪ್ಪಳದ ನಮ್ಮ ಮನೆಗೆ ಬಂದವರು ಶೋಕೇಸಿನಲ್ಲಿ ಇವನ್ನು ನೋಡಿ, ನಲವತ್ತರ ಹೆಂಗಸಿಗೆ ಇದೆಂಥ ಹುಚ್ಚು ಎಂಬಂತೆ ನನ್ನ ಮುಖ ನೋಡುತ್ತಾರೆ. ನೋಡಲಿ. ಯಾವ ಆಟ ಛಲೋ ಎಂದು ಕೇಳಿದವರಿಗೆ ಹೇಳುತ್ತೇನೆ, ಆದರೆ ನನ್ನ ಅಳತೆ ಬೇರೆ. ಚಿತ್ರ ಚೆಂದವೋ, ಸಂಗೀತ ಚೆಂದವೋ ನನಗೆ ಬೇಕಿಲ್ಲ. ಆಡುವವರು ಏನೂ ಮಾಡದೆ ಸುಮ್ಮನೆ ನಿಂತುಬಿಟ್ಟರೆ ಆಟ ಅವರನ್ನು ಎಷ್ಟು ಹೊತ್ತು ಬದುಕಗೊಡುತ್ತದೆ, ಅದನ್ನಷ್ಟೇ ನಾನು ನೋಡುವುದು.

ಕಾಡಿನಲ್ಲಿ ಇಬ್ಬರು ಸಿಪಾಯಿಗಳು ಓಡುವ ಆಟವನ್ನು ಊರೆಲ್ಲ ಹೊಗಳುತ್ತಿತ್ತು. ನನಗೆ ಅದು ಸೇರುವುದಿಲ್ಲ. ಎರಡು ಎಣಿಸುವಷ್ಟರಲ್ಲಿ ಗುಂಡು ಬಂದು ಬಡಿಯುತ್ತದೆ. ಮೋಟಾರ್‌ಸೈಕಲ್ ರೇಸು ಒಳ್ಳೆಯ ಮನಸ್ಸಿನ ಆಟ. ನಿಂತರೆ ಉಳಿದವರು ದಾಟಿ ಹೋಗುತ್ತಾರೆ, ಯಾರೂ ಕೊಲ್ಲುವುದಿಲ್ಲ. ಮೇಲಿನಿಂದ ಇಟ್ಟಿಗೆ ಬೀಳುವ ಆಟ ಮಾತ್ರ ಮಹಾ ಚಾಡಿಕೋರ. ಕೈ ನಿಂತರೆ ಇಟ್ಟಿಗೆಗಳು ಒಂದರ ಮೇಲೊಂದು ನಟ್ಟನಡುವೆ ಕಂಬದಂತೆ ಏರಿ, ಎಷ್ಟು ಹೊತ್ತು ನಿಂತಿದ್ದಿರಿ ಎಂಬುದನ್ನು ಆಮೇಲೂ ತೋರಿಸುತ್ತಿರುತ್ತವೆ. ಇನ್ನು, ಹೊರಗೆ '೯೯೯೯ ಆಟಗಳು' ಎಂದು ಬರೆದ ಕ್ಯಾಸೆಟ್ಟು ಶುದ್ಧ ಮೋಸ. ಒಳಗಿರುವುದು ಏಳೇ ಆಟ, ತಿರುಗಿ ತಿರುಗಿ ಅವೇ.

ಈ ಬುದ್ಧಿಯೆಲ್ಲ ನನಗೆ ಬಂದದ್ದು ಕುಷ್ಟಗಿಯಲ್ಲಿ, ಅಕ್ಕನ ಪಕ್ಕದಲ್ಲಿ ಕುಳಿತು. ೧೯೯೭ರಲ್ಲಿ ನಾನು ಆರನೇ ತರಗತಿ. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್, ನಾಲ್ಕೂ ದಿಕ್ಕಿನಿಂದ ಬರುವ ಬಸ್ಸುಗಳ ಹೊತ್ತು ಬರೆದುಕೊಳ್ಳುವ ಕೆಲಸ. ಲಾರಿ ಓಡಿಸುತ್ತಿದ್ದ ಸೋದರಮಾವ ಮುಂಬೈ ಕಡೆಯಿಂದ ಬರುವಾಗ ಒಂದು ಗೇಮಿನ ಪೆಟ್ಟಿಗೆ, ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು, ಐದು ಕ್ಯಾಸೆಟ್ಟು ತಂದುಕೊಟ್ಟ. ಅವ್ವನಿಗೆ ಟಿವಿಯದೇ ಚಿಂತೆ. "ಟ್ಯೂಬ್ ಸುಟ್ಟು ಹೊಕ್ಕೈತಿ ನೋಡ್ರಿ, ಆಮ್ಯಾಲೆ ನನ್ನ ಕೇಳಬ್ಯಾಡ್ರಿ" ಎನ್ನುತ್ತ ಆಗಾಗ ಬಂದು ಟಿವಿಯ ಬೆನ್ನು ಮುಟ್ಟಿ ನೋಡುತ್ತಿದ್ದಳು. ಬಿಸಿಯಾಗಿದ್ದರೆ ಆಟ ಬಂದ್.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಅವಳ ಬಲಗೈ ಹೆಬ್ಬೆರಳಿನಷ್ಟು ಚುರುಕಾದ ಬೆರಳನ್ನು ನಾನು ಇವತ್ತಿಗೂ ಕಂಡಿಲ್ಲ. ನಮ್ಮಿಬ್ಬರಿಗೂ ಟ್ಯಾಂಕಿನ ಆಟವೇ ಮೆಚ್ಚು. ಕೆಳಗೆ ಇಟ್ಟಿಗೆಯ ಗೂಡಿನಲ್ಲಿ ಒಂದು ಹಕ್ಕಿ ಇರುತ್ತದೆ. ಮೇಲಿನಿಂದ ವೈರಿ ಟ್ಯಾಂಕುಗಳು ಬರುತ್ತವೆ. ಇಬ್ಬರೂ ಕೂಡಿ ಹಕ್ಕಿಯನ್ನು ಕಾಯಬೇಕು. ಅಕ್ಕನದು ಹಳದಿ ಟ್ಯಾಂಕು, ನನ್ನದು ಹಸಿರು. ಒಂದು ಬೇಸಿಗೆಯ ಮಧ್ಯಾಹ್ನ ಆಟದ ನಡುವೆ ಹಳದಿ ಟ್ಯಾಂಕು ನಿಂತುಬಿಟ್ಟಿತು.

"ಯಕ್ಕಾ, ಹೊಡಿ. ಮ್ಯಾಲಿಂದ ಬರಾಕತ್ತೈತಿ" ಎಂದೆ. ಟ್ಯಾಂಕು ಕದಲಲಿಲ್ಲ. ತಿರುಗಿ ನೋಡಿದೆ. ಅಕ್ಕನ ಕಣ್ಣು ಟಿವಿಯ ಮೇಲೆಯೇ ಇತ್ತು, ಆದರೆ ನೋಡುತ್ತಿರಲಿಲ್ಲ. ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಹೆಬ್ಬೆರಳು ಬಟನ್ ಮೇಲೆ ಇಟ್ಟದ್ದು ಇಟ್ಟಂತೆ ಇತ್ತು. ಒಂಬತ್ತು ಹತ್ತು ಎಣಿಸುವಷ್ಟು ಹೊತ್ತಿನ ಮೇಲೆ ಅವಳು, ಏನೂ ಆಗದವಳಂತೆ, "ನನ್ನ ಟ್ಯಾಂಕ್ ಯಾವಾಗ ಹೋತ?" ಎಂದು ಕೇಳಿದಳು. ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಆ ವಾರದಲ್ಲಿ ಮೂರನೆಯ ಸಲ ಹಾಗಾದಾಗ ನನಗೆ ನಗು ಬರಲಿಲ್ಲ.

ಆ ಪೆಟ್ಟಿಗೆಯ ಮೊದಲ ರಿಮೋಟಿನಲ್ಲಿ ಸ್ಟಾರ್ಟ್ ಬಟನ್ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಅದನ್ನೊತ್ತಿದರೆ ಇಡೀ ಆಟ ನಿಲ್ಲುತ್ತದೆ. ವೈರಿಯೂ ನಿಲ್ಲುತ್ತಾನೆ, ಸದ್ದೂ ನಿಲ್ಲುತ್ತದೆ. ಅಕ್ಕ ನಿಂತಾಗ ಹಾಗಲ್ಲ. ಅವಳೊಬ್ಬಳೇ ನಿಲ್ಲುತ್ತಿದ್ದಳು, ಉಳಿದದ್ದೆಲ್ಲ ಅವಳ ಕಡೆ ಬರುತ್ತಲೇ ಇರುತ್ತಿತ್ತು. ನಾನು ನನ್ನ ಹಸಿರು ಟ್ಯಾಂಕನ್ನು ಓಡಿಸಿಕೊಂಡು ಹೋಗಿ ಅವಳ ಟ್ಯಾಂಕಿನ ಮುಂದೆ ಅಡ್ಡ ನಿಲ್ಲಿಸುತ್ತಿದ್ದೆ.

ಒಂದು ದಿನ ಹಿತ್ತಲಲ್ಲಿ ಅವಳಿಗೆ ಹೇಳಿಯೇಬಿಟ್ಟೆ. "ನಿನಗ ಏನೋ ಆಕ್ಕೈತಿ. ನಾ ಅವ್ವಗ ಹೇಳತೀನಿ." ಅಕ್ಕನ ಮುಖ ಬಿಳಿಚಿಕೊಂಡಿತು. ಅವಳಿಗೂ ಅನುಮಾನವಿತ್ತು, ಓದುವಾಗ ಸಾಲು ಕಳೆದುಹೋಗುತ್ತವೆ, ಯಾರೋ ಹೇಳಿದ ಮಾತಿನಲ್ಲಿ ಅರ್ಧ ಮಾತ್ರ ಕೇಳಿಸಿರುತ್ತದೆ ಎಂದಳು. ನಮ್ಮ ಓಣಿಯಲ್ಲಿ ಒಬ್ಬಳಿಗೆ ಫಿಟ್ಸ್ ಬರುತ್ತಿತ್ತು. ಬಿದ್ದಾಗ ಕೈಗೆ ಬೀಗದ ಕೈ ಕೊಟ್ಟು, ಮೂಗಿಗೆ ಚಪ್ಪಲಿ ಹಿಡಿಯುತ್ತಿದ್ದರು. ಮದುವೆಯಾಗಿ ಮೂರೇ ತಿಂಗಳಿಗೆ ಗಂಡನ ಮನೆಯವರು ಅವಳನ್ನು ತಂದು ಬಿಟ್ಟುಹೋಗಿದ್ದರು. ಅಕ್ಕ ನನ್ನ ಕೈ ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ನನ್ನ ತಲಿ ಮುಟ್ಟಿ ಆಣಿ ಮಾಡು. ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಮಾಡಿದೆ. ನಮ್ಮ ಕಡೆ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಯಾರ ತಲೆ ಮುಟ್ಟಿದೆಯೋ ಅವರು ಸಾಯುತ್ತಾರೆ. ಹನ್ನೊಂದು ವರ್ಷದ ಹುಡುಗಿಗೆ ಇದು ಸೂರ್ಯ ಹುಟ್ಟುವಷ್ಟೇ ಖಾತ್ರಿ. ಹೇಳಿದರೆ ಆಣೆ ಅವಳನ್ನು ಕೊಲ್ಲುತ್ತದೆ, ಹೇಳದಿದ್ದರೆ ಒಲೆಯ ಮುಂದೆಯೋ ಬಾವಿಯ ಕಟ್ಟೆಯ ಮೇಲೆಯೋ ಅವಳು ಹಾಗೇ ನಿಂತುಬಿಡುತ್ತಾಳೆ. ಅತ್ತ ದರಿ, ಇತ್ತ ಪುಲಿ. ಆ ಎರಡು ವರ್ಷ ನಾನು ಹೊಟ್ಟೆ ತುಂಬ ಉಂಡದ್ದು ನೆನಪಿಲ್ಲ.

ಸ್ಟೋ ಹಚ್ಚುವ ಕೆಲಸ ನಾನು ಕಸಿದುಕೊಂಡೆ. ನೀರು ಸೇದುವುದನ್ನೂ ಕಸಿದುಕೊಂಡೆ. ಅವ್ವ ನಗುತ್ತಿದ್ದಳು. "ನೋಡ್ರಿ ಇಕಿನ್ನ, ಅಕ್ಕಗಿಂತ ಮೊದಲ ಅತ್ತಿ ಮನಿಗೆ ತಯಾರಾಗ್ಯಾಳ." ಬಾತುಕೋಳಿ ಹೊಡೆಯುವ ಆಟದಲ್ಲಿ ಬಂದೂಕಿನ ಕುದುರೆ ಎಳೆದಾಗಲೆಲ್ಲ ಟಿವಿ ಫಕ್ಕನೆ ಮಿಂಚುತ್ತಿತ್ತು. ಆ ಮಿಂಚಿನಿಂದಲೇ ಅಕ್ಕನಿಗೆ ಹೀಗಾಯಿತೇನೋ ಎಂಬ ಹೆದರಿಕೆ ಹೊಕ್ಕು, ಬಂದೂಕನ್ನೂ ಆ ಕ್ಯಾಸೆಟ್ಟನ್ನೂ ಜೋಳದ ಚೀಲಗಳ ಹಿಂದೆ ತುರುಕಿದೆ. ಸಾಲಿಯಿಂದ ಬಂದವಳೇ ಅವಳನ್ನು ಆಟಕ್ಕೆ ಎಳೆಯುತ್ತಿದ್ದೆ. ಹಳದಿ ಟ್ಯಾಂಕು ಒಂದು ಸಲವೂ ನಿಲ್ಲದ ದಿನ ನನಗೆ ಹಬ್ಬ. ಅಂಥ ದಿನಗಳು ಕಡಿಮೆಯಾಗುತ್ತ ಹೋದವು.

ಯಾರಾದರೂ ಒಳಗೆ ಬರುವ ಹೊತ್ತಿಗೆ ಅಕ್ಕ ನಿಂತಿದ್ದರೆ ನಾನು ಅವಳ ತೊಡೆಯ ಮೇಲಿದ್ದ ರಿಮೋಟಿಗೆ ಕೈ ಚಾಚಿ ಸ್ಟಾರ್ಟ್ ಒತ್ತುತ್ತಿದ್ದೆ. ಆಟವೇ ನಿಂತಿದೆ ಎಂದು ಬಂದವರು ತಿಳಿಯುತ್ತಿದ್ದರು. ಅಪ್ಪ ಎಷ್ಟೋ ಸಲ ಹೀಗೆ ನಮ್ಮನ್ನು ದಾಟಿ ಹೋಗಿದ್ದಾನೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಎಂಥ ಮೂರ್ಖಳು ನಾನು.

ಮರುವರ್ಷ ಅಕ್ಕನಿಗೆ ಗಂಡು ಗೊತ್ತಾಯಿತು. ಯಲಬುರ್ಗಾ ಕಡೆಯ ಬೇವೂರಿನವರು. ಹುಡುಗ ದನದ ದವಾಖಾನೆಯಲ್ಲಿ ಕಂಪೌಂಡರ್. ಮಿತಭಾಷಿ, ಕೂತರೆ ಕೂತಲ್ಲಿ. ನಿಶ್ಚಯವಾದ ಮೇಲೆ ಬಂದ ಪಂಚಮಿಗೆ ಅವರ ಮನೆಯವರು ಸೀರೆ, ಉಂಡಿ ತಗೊಂಡು ಬಂದರು. ಜೊತೆಗೆ ಭಾವನಾಗುವವರೂ ಬಂದಿದ್ದರು. ಮಾತು ಮುಗಿದು ಎಲ್ಲರೂ ಗೋಡೆ ನೋಡುತ್ತಿದ್ದಾಗ ಅಪ್ಪ, "ಟಿವಿ ಗೇಮ್ ಆಡ್ರಿ, ನಮ್ಮ ಹುಡುಗ್ಯಾರು ಕಲಿಸ್ತಾರ" ಎಂದು ನನ್ನ ಎದೆ ಒಡೆಯುವ ಮಾತಾಡಿದ.

ಅಕ್ಕನ ಕೈಯಲ್ಲಿ ಮೊದಲ ರಿಮೋಟು, ಅವರ ಕೈಯಲ್ಲಿ ಎರಡನೆಯದು. ನಾನು ನಡುವೆ, ಸ್ವಲ್ಪ ಹಿಂದೆ. ರೇಸಿನ ಕ್ಯಾಸೆಟ್ಟು ಹಾಕೋಣ ಎಂದು ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ, ತನಗೆ ಚೆನ್ನಾಗಿ ಬರುವುದನ್ನೇ ತೋರಿಸಬೇಕಿತ್ತು ಅವಳಿಗೆ. ಮೊದಲ ಎರಡು ಸುತ್ತು ಗೆದ್ದರು. ಅಕ್ಕ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಮೂರನೆಯ ಸುತ್ತಿನಲ್ಲಿ ಹಳದಿ ಟ್ಯಾಂಕು ನಿಂತಿತು.

ಒಂದು, ಎರಡು, ಮೂರು ಎಣಿಸಿದೆ. ಆಮೇಲೆ ಕೈ ಚಾಚಿ ಸ್ಟಾರ್ಟ್ ಒತ್ತಿದೆ. ಆಟ ನಿಂತಿತು. "ಚಾ ತರ್ತೀನಿ, ತಡೀರಿ" ಎಂದೆ, ಆದರೆ ಏಳಲಿಲ್ಲ. ಅವರು ಟಿವಿ ನೋಡಿದರು, ಆಮೇಲೆ ಅಕ್ಕನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಏಳು, ಎಂಟು. ಅಕ್ಕ ಎಚ್ಚತ್ತು, "ಯಾಕ ನಿಂದ್ರಿಸಿದಿ?" ಎಂದು ನನಗೆ ಗದರಿದಳು. ಅವರು ಚಹಾ ಕುಡಿದು, ಉಳಿದ ಆಟ ಆಡಿ, ಸಂಜೆಯ ಬಸ್ಸಿಗೆ ಹೋದರು. ನಾನು ಬಚಾವಾದೆ ಎಂದುಕೊಂಡೆ.

ಮದುವೆಯಾಯಿತು. ಅಕ್ಕ ಬೇವೂರಿಗೆ ಹೋದಳು. ಟ್ಯಾಂಕಿನ ಆಟವನ್ನು ನಾನೊಬ್ಬಳೇ ಆಡುವ ಧೈರ್ಯ ಮಾಡಲಿಲ್ಲ. ಇಟ್ಟಿಗೆಯ ಆಟ ಹಾಕಿ, ಕೈ ಬಿಟ್ಟು, ನಡುವಿನ ಕಂಬ ಏರುವುದನ್ನು ನೋಡುತ್ತ ಕೂರುತ್ತಿದ್ದೆ. ಅಲ್ಲಿ ಒಲೆ ಯಾರು ಹಚ್ಚುತ್ತಾರೆ, ಬಾವಿಗೆ ಯಾರು ಹೋಗುತ್ತಾರೆ, ಇದೇ ಯೋಚನೆ. ಅಪ್ಪನಿಗೆ ಹೇಳಲು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ವಾಪಸ್ಸು ಬಂದೆ.

ಸುದ್ದಿ ಬಂದದ್ದು ಬಸ್ಸಿನಲ್ಲೇ. ಬೇವೂರಿನ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಅಪ್ಪನಿಗೆ ಹೇಳಿದ, "ನಿಮ್ಮ ದೊಡ್ಡ ಮಗಳ ಕೈ ಸುಟ್ಟೈತಂತ್ರಿ. ಗಾಬರಿ ಆಗಬ್ಯಾಡ್ರಿ, ಜೀವಕ್ಕೇನಿಲ್ಲ." ಅದೇ ಬಸ್ಸು ತಿರುಗಿ ಹೊರಟಾಗ ನಾವು ಮೂವರೂ ಹತ್ತಿದೆವು. ದಾರಿಯುದ್ದಕ್ಕೂ ಅವ್ವ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ.

ಅಕ್ಕನ ಬಲಗೈಗೆ ಮೊಣಕೈವರೆಗೆ ಪಟ್ಟಿ. ರೊಟ್ಟಿ ಬೇಯಿಸುವಾಗ ಆದದ್ದು. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ನೀರು ಸವರಬೇಕಲ್ಲ, ಆಗ ಕೈ ಜಾರಿತು ಎಂದಳು ಅವಳ ಅತ್ತೆ. ಎಲ್ಲರೂ ನಂಬಿದರು. ಜೋಳದ ರೊಟ್ಟಿ ಮಾಡುವ ಹೆಂಗಸರಲ್ಲಿ ಯಾರ ಕೈಗೆ ಹಂಚು ತಾಗಿಲ್ಲ? ಆದರೆ ಜಾರಿದ ಕೈಯನ್ನು ಯಾರಾದರೂ ತಕ್ಷಣ ಎಳೆದುಕೊಳ್ಳುತ್ತಾರೆ. ಅಂಗೈ ಇಡೀ ಬೇಯುವುದಿಲ್ಲ. ನಾನು ಅಕ್ಕನನ್ನು ನೋಡಿದೆ. ಅವಳು ಕಣ್ಣಲ್ಲೇ ನನ್ನ ಆಣೆಯನ್ನು ನೆನಪಿಸಿದಳು.

ನಾನು ಎದ್ದು ಹಿತ್ತಲಿಗೆ ಹೋದೆ. ಭಾವ ದನಗಳಿಗೆ ಮೇವು ಹಾಕುತ್ತಿದ್ದರು. ಆಣೆ ಮುರಿದೆ. ಮೊದಲ ದಿನದ ಹಳದಿ ಟ್ಯಾಂಕಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೇಳುವಾಗ ನನ್ನ ಕಣ್ಣು ಹಿಂಬಾಗಿಲ ಮೇಲೆಯೇ ಇತ್ತು. ಈಗ ಒಳಗಿಂದ ಅವ್ವ ಬಾಯಿ ಬಡಿದುಕೊಳ್ಳುತ್ತಾಳೆ, ಈಗ ಅಕ್ಕ ಸತ್ತಳು ಎಂದು ಕಾಯುತ್ತಿದ್ದೆ. ಭಾವ ಕೈಯಲ್ಲಿದ್ದ ಮೇವಿನ ಸಿವುಡು ಕೆಳಗಿಟ್ಟರು.

"ನನಗ ಗೊತ್ತಿತ್ತವಾ."

"ಯಾವಾಗಿಂದ್ರಿ?"

"ಪಂಚಮಿ ದಿನದಿಂದ. ನೀ ಅಕಿ ಕೈಯಾಗ ಕೈ ಹಾಕಿ ಆಟ ನಿಂದ್ರಿಸಿದಿ. ತಮ್ಮ ಕೈಯಾಗ ಬ್ಯಾರೆಯವರು ಕೈ ಹಾಕಿದ್ರ ಯಾರಾದ್ರೂ ತಿರುಗಿ ನೋಡ್ತಾರ. ಅಕಿ ನೋಡಲಿಲ್ಲ."

"ಹಂಗಾರ ಯಾಕ ಸುಮ್ನಿದ್ರಿ?"

"ಬಾಯಿ ಬಿಟ್ರ ನಮ್ಮವರು ಲಗ್ನ ಮುರೀತಾರ ಅಂತ ಅಂಜಿದೆ. ಲಗ್ನ ಆದಮ್ಯಾಲೆ, ನನಗ ಗೊತ್ತಾತಂತ ಅಕಿಗೆ ತಿಳದ್ರ ಅಕಿ ಅಂಜತಾಳ ಅಂತ ಸುಮ್ನಾದೆ. ಬಾವಿಗೆ ನಾನ ಹೋಗತಿದ್ದೆ. ಒಲಿ ಮುಂದ ಮುಂಜಾನಿ ನಾ ಇರತಿರಲಿಲ್ಲ."

ಅವರನ್ನು ಹೊಡೆಯಬೇಕೆನಿಸಿತು. ನನ್ನನ್ನೂ ಯಾರಾದರೂ ಹಿಡಿದು ಹೊಡೆಯಲಿ ಎನಿಸಿತು. ಅಕ್ಕನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಇವರಿಗೆ ಗೊತ್ತಿತ್ತು. ಮೂವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಅವಳನ್ನು ಹಂಚಿನ ಮುಂದೆ ಕೂರಿಸಿದ್ದೆವು.

ಮರುದಿನವೇ ಭಾವ ಅಕ್ಕನನ್ನು ಕೊಪ್ಪಳದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಇದೂ ಒಂದು ಥರದ ಫಿಟ್ಸೇ, ಗುಳಿಗೆ ತಪ್ಪಿಸಬಾರದು ಎಂದರು ಡಾಕ್ಟರು. ನನ್ನ ಟಿವಿ ಗೇಮಿನ ಕಥೆ ಕೇಳಿ, ಅದರಿಂದ ಬಂದದ್ದಲ್ಲ, ಮೊದಲಿನಿಂದ ಇದ್ದದ್ದು ಅದರಲ್ಲಿ ಕಂಡಿದೆ ಎಂದರು. ಗುಳಿಗೆಗೆ ಅಕ್ಕನ ನಿಲ್ಲುವಿಕೆ ತಿಂಗಳಿಗೊಂದಕ್ಕೆ ಇಳಿಯಿತು. ಅತ್ತೆ ನಾಲ್ಕು ದಿನ ಗೊಣಗಿ ಸುಮ್ಮನಾದಳು, ಭಾವ ಬಗ್ಗಲಿಲ್ಲ. ಅಕ್ಕ ಮಾತ್ರ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು. "ನನ್ನ ಸಾವು ಬಯಸಿದಿ" ಎಂದು ಒಂದೇ ಸಲ ಅಂದಳು. ಅದು ಇವತ್ತಿಗೂ ನನ್ನೊಳಗೆ ನೆಟ್ಟಿದೆ.

ಸುಟ್ಟ ಅಂಗೈ ಮಾಯಿತು, ಆದರೆ ತೊಗಲು ಬಿಗಿದು ಬಲ ಹೆಬ್ಬೆರಳು ಮಡಚದಂತಾಯಿತು. ಈಗ ಅಕ್ಕ ಕೊಪ್ಪಳಕ್ಕೆ ಬಂದಾಗ ಶೋಕೇಸಿನ ಮುಂದೆ ನಿಂತು ಒಂದೊಂದೇ ಕ್ಯಾಸೆಟ್ಟು ತೆಗೆದು ನೋಡುತ್ತಾಳೆ. ಕೊನೆಗೆ ಆರಿಸುವುದು ಟ್ಯಾಂಕಿನದನ್ನೇ. ಇಬ್ಬರೂ ಒಂದೇ ರಿಮೋಟು ಹಿಡಿದು ಕೂರುತ್ತೇವೆ. ಎಡಗೈಯಿಂದ ಅವಳು ಟ್ಯಾಂಕು ಓಡಿಸುತ್ತಾಳೆ, ಬಲಗೈಯಿಂದ ನಾನು ಗುಂಡು ಹೊಡೆಯುತ್ತೇನೆ. ಹೋದ ದೀಪಾವಳಿಗೆ ಹೀಗೆ ಆಡುತ್ತಿದ್ದಾಗ ಟ್ಯಾಂಕು ನಿಂತಿತು. ನನ್ನ ಬೆರಳು ತಾನಾಗಿ ಸ್ಟಾರ್ಟ್ ಕಡೆ ಹೋಯಿತು. ಅದನ್ನು ಹಿಂದಕ್ಕೆ ತಂದು, ಗುಂಡು ಹೊಡೆಯುತ್ತಲೇ ಎಣಿಸಿದೆ. ನಾಲ್ಕಕ್ಕೆ ಟ್ಯಾಂಕು ಚಲಿಸಿತು.

"ಎಷ್ಟಾತು?" ಎಂದು ಅಕ್ಕ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ನಾಕು" ಎಂದೆ.