ಅನುಸೂಯಮ್ಮನ ತೂತಿನ ಕಾರ್ಡು

ಅನುಸೂಯಮ್ಮ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ನಾನು ಬೈದು ಕಳಿಸಲು ನೋಡಿದೆ. ದೊಡ್ಡಬಳ್ಳಾಪುರದಲ್ಲಿ ಸೀರೆಯ ಡಿಸೈನಿಗೆ ಕಾರ್ಡು ಹೊಡೆಯುವುದು ನನ್ನ ಕೆಲಸ. ರಟ್ಟಿನ ಉದ್ದನೆ ಪಟ್ಟಿಗೆ ಡಿಸೈನಿನಂತೆ ತೂತು ಹೊಡೆದು ಕೊಟ್ಟರೆ ಮಗ್ಗದ ಮೇಲಿನ ಜಕಾರ್ಡು ಆ ತೂತು ನೋಡಿಕೊಂಡು ಎಳೆ ಎತ್ತುತ್ತದೆ. ಒಂದು ತೂತು ತಪ್ಪಿದರೆ ಸೆರಗಿನ ನವಿಲಿಗೆ ಕಾಲೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು, "ಹಳೇ ಕಾರ್ಡು ಇದ್ರೆ ಕೊಡಪ್ಪಾ" ಎಂದರೆ ಸಿಟ್ಟು ಬಾರದೆ ಇರುತ್ತದೆಯೇ?

"ಇದೇನು ಗುಜರಿ ಅಂಗಡೀನಾ? ಹೋಗಮ್ಮ ಅತ್ಲಾಗೆ!"

ಆಕೆ ಹೋಗಲಿಲ್ಲ. ನಾನು ಬೈದು ಸುಸ್ತಾಗುವವರೆಗೆ ನಿಂತಿದ್ದು, "ಮುಗೀತೇನಪ್ಪಾ? ಈಗ ಒಂದು ಮಾತು ಹೇಳು. ಈ ತೂತನ್ನೆಲ್ಲಾ ನೀನು ಎಣಿಸ್ತೀಯಾ?" ಎಂದು ಕೇಳಿದರು.

"ಎಣಿಸ್ತಾ ಕೂತ್ರೆ ಒಂದು ಸೀರೆಗೆ ಒಂದು ವರ್ಷ ಬೇಕು. ನೋಡಿದ್ರೆ ಗೊತ್ತಾಗುತ್ತೆ."

"ನನ್ನ ಮಕ್ಳಿಗೂ ಅದೇ ಬೇಕಾಗಿರೋದು. ನೋಡಿದ್ರೆ ಗೊತ್ತಾಗಬೇಕು."

ಅವರ ಮಕ್ಕಳು ಎಂದರೆ ನಮ್ಮ ಬೀದಿಯ ಅಂಗನವಾಡಿಯ ಮಕ್ಕಳು. ಸ್ವಂತ ಮಕ್ಕಳಿರಲಿಲ್ಲ. ಮದುವೆಯಾದ ಎರಡನೇ ವರ್ಷವೇ ಗಂಡ ತೀರಿಕೊಂಡಿದ್ದರಂತೆ. ಅಂಗನವಾಡಿಯ ಹಿಂದಿನ ಒಂದೇ ಕೋಣೆಯಲ್ಲಿ ಮೂವತ್ತು ವರ್ಷದಿಂದ ಒಬ್ಬರೇ ಇದ್ದರು. ಮಕ್ಕಳು ಮನೆಗೆ ಹೋದ ಮೇಲೆ ಪಾತ್ರೆ ತೊಳೆದಿಟ್ಟು, ಉಳಿದ ಅನ್ನವನ್ನು ಮಕ್ಕಳ ತಟ್ಟೆಯಲ್ಲೇ ಹಾಕಿಕೊಂಡು ಉಣ್ಣುತ್ತಿದ್ದರು. ಭಾನುವಾರವೂ ಅಂಗನವಾಡಿಯ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಯಾಕಕ್ಕಾ ಅಂದರೆ, "ಗಾಳಿ ಆಡ್ಲಿ ಅಂತ ಕಣಪ್ಪಾ" ಅನ್ನುತ್ತಿದ್ದರು.

ಕಾರ್ಡು ಕೊಟ್ಟೆ. ಹಳೆಯದಲ್ಲ, ಹೊಸ ರಟ್ಟಿನಲ್ಲಿ ಅವರು ಹೇಳಿದಂತೆ ಹೊಡೆದು ಕೊಟ್ಟೆ. ಒಂದರಲ್ಲಿ ಮೂರು, ಒಂದರಲ್ಲಿ ನಾಲ್ಕು, ಐದು, ಹೀಗೆ ಹತ್ತರವರೆಗೆ. ಹೊಡೆದ ಮೇಲೆ ಅವು ಏನಾಗುತ್ತವೆ ಎಂದು ನೋಡಲು ಹೋದೆ. ಬೆಳಗಿನ ಬಿಸಿಲು ಪೂರ್ವದ ಕಿಟಕಿಯಿಂದ ಒಳಗೆ ಬೀಳುತ್ತಿತ್ತು. ಅನುಸೂಯಮ್ಮ ಬಿಸಿಲಿಗೆ ಕಾರ್ಡು ಅಡ್ಡ ಹಿಡಿದರೆ ಕೆಂಪು ನೆಲದ ಮೇಲೆ ಬೆಳಕಿನ ಚುಕ್ಕೆ ಬೀಳುತ್ತಿದ್ದವು. ಮಕ್ಕಳು ಒಂದೊಂದು ಚುಕ್ಕೆಯ ಮೇಲೆ ಒಂದೊಂದು ಹುಣಸೆ ಬೀಜ ಇಡಬೇಕು. ಅದು ರೂಢಿಯಾದ ಮೇಲೆ ಕಾರ್ಡನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. "ಎಷ್ಟಿತ್ರೋ?" "ಐದೂ!" "ಹೆಂಗಿತ್ತು?" "ಮ್ಯಾಲೆ ಎಲ್ಡು, ಕೆಳಗೆ ಮೂರು!"

ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಮಗ್ಗಿ ಬಾರದ್ದಕ್ಕೆ ಮೇಷ್ಟ್ರು ಕೈಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು. ಹೀಗೆ ಯಾರಾದರೂ ಬಿಸಿಲು ಹಿಡಿದು ತೋರಿಸಿದ್ದರೆ ನಾನೂ ಓದುತ್ತಿದ್ದೆನೇನೋ.

ಕೆಲವು ವರ್ಷದ ಮೇಲೆ, ನಮ್ಮ ಬೀದಿಯಲ್ಲೇ ಮಗ್ಗ ಇಟ್ಟಿದ್ದ ಇಮ್ರಾನನ ಮಗಳು ಸೇರಿದಳು. ನೌರೀನ್‌ಗೆ ನಾಲ್ಕು ವರ್ಷ. ಮನೆಯಲ್ಲಿ ಉರ್ದು, ಇಲ್ಲಿ ಕನ್ನಡ, ಹಾಗಾಗಿ ಎರಡರಲ್ಲೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಕಾರ್ಡು ತೋರಿಸಿದರೆ ಎಲ್ಲರಿಗಿಂತ ಮೊದಲು ಅಷ್ಟೇ ಬೆರಳು ಮೇಲೆತ್ತುತ್ತಿದ್ದಳು.

ಅಷ್ಟರಲ್ಲಿ ಬೀದಿಯ ಮಗ್ಗಗಳು ಒಂದೊಂದೇ ನಿಂತವು. ನಿಲ್ಲಿಸದವರು ಕಂಪ್ಯೂಟರ್ ಜಕಾರ್ಡು ಹಾಕಿಸಿದರು. ಪೆನ್‌ಡ್ರೈವ್‌ನಲ್ಲಿ ಡಿಸೈನು ಬಂದ ಮೇಲೆ ನನ್ನನ್ನು ಕೇಳುವವರು ಯಾರು? ಕೂಲಿಯವರು ಮಕ್ಕಳನ್ನು ಕಟ್ಟಿಕೊಂಡು ಬೇರೆ ಕಡೆ ಹೋದರು. ಇಪ್ಪತ್ತೆರಡು ಮಕ್ಕಳಿದ್ದ ಅಂಗನವಾಡಿಯಲ್ಲಿ ಏಳು ಉಳಿದವು. ಮಕ್ಕಳು ಕಮ್ಮಿ ಇರುವ ಕೇಂದ್ರವನ್ನು ಇನ್ನೊಂದರ ಜೊತೆ ಸೇರಿಸುತ್ತಾರೆ ಎಂದು ಸುದ್ದಿ ಬಂತು. ಸೂಪರ್‌ವೈಸರ್ ಬಂದು ನೋಡಿ, ಮಕ್ಕಳು ಚೆನ್ನಾಗಿ ಕಲಿತಿವೆ ಎಂದು ಬರೆದರೆ ಉಳಿಯುತ್ತದಂತೆ. ಅನುಸೂಯಮ್ಮ ನಿವೃತ್ತಿಯಾಗಲು ಇನ್ನು ಎರಡೇ ವರ್ಷ ಇತ್ತು.

"ಆ ಎರಡು ವರ್ಷ ಇಲ್ಲೇ ಕಳೆದ್ಬಿಟ್ರೆ ಸಾಕು ಮುರಳಿ" ಎಂದರು. ನನ್ನ ಹತ್ತಿರ ಅವರು ಏನಾದರೂ ಬೇಕೆಂದು ಬಾಯಿಬಿಟ್ಟು ಕೇಳಿದ್ದು ಕಾರ್ಡು ಬಿಟ್ಟರೆ ಅದೊಂದೇ.

ಹಳೆಯವು ಮುದುರಿದ್ದವೆಂದು ಹನ್ನೆರಡು ಕಾರ್ಡು ಹೊಸದಾಗಿ ಹೊಡೆದು, ಸೂಪರ್‌ವೈಸರ್ ಬರುವ ದಿನ ನಾನೇ ತೆಗೆದುಕೊಂಡು ಹೋಗಿ ಮೂಲೆಯಲ್ಲಿ ನಿಂತೆ. ಸೂಪರ್‌ವೈಸರ್ ಮೇಡಂ ಹೊಸಬರು. ಒಂದು ಕಾರ್ಡು ತೆಗೆದು ನೌರೀನ್ ಮುಂದೆ ಹಿಡಿದರು. ನೌರೀನ್ ಐದು ಬೆರಳು ಎತ್ತಿದಳು.

ಮೇಡಂ ಪೆನ್ನಿನ ತುದಿಯಿಂದ ಎಣಿಸಿದರು. "ಏಳಿದೆಯಲ್ಲ?"

ಇನ್ನೊಬ್ಬ ಹುಡುಗ ಮೂರು ಎಂದ. ಮೇಡಂ ಎಣಿಸಿದರೆ ಐದು. ಮತ್ತೊಂದು ಕಾರ್ಡಿಗೆ ಮಕ್ಕಳೆಲ್ಲ ಒಟ್ಟಿಗೆ "ಆರು" ಎಂದು ಕೂಗಿದರು. ಮೇಡಂಗೆ ಎಂಟು. ಅವರು ಪುಸ್ತಕ ತೆಗೆದು ಬರೆಯತೊಡಗಿದರು.

ನನಗೆ ಆಗ ಹೊಳೆಯಿತು. ಕಾರ್ಡಿನ ಎರಡು ತುದಿಯಲ್ಲೂ ಒಂದೊಂದು ದೊಡ್ಡ ತೂತು ಇರುತ್ತದೆ, ಜಕಾರ್ಡಿನ ಗೂಟಕ್ಕೆ ಸಿಕ್ಕಿಸಲು. ಯಾವ ಕಾರ್ಡು ಹಿಡಿದರೂ ನನ್ನ ಕೈ ಮೊದಲು ಹೊಡೆಯುವುದು ಅವೆರಡನ್ನೇ. ಈ ಕಾರ್ಡುಗಳಿಗೂ ಹೊಡೆದಿದ್ದೆ. ಇಷ್ಟು ವರ್ಷ ನನಗಾಗಲಿ ಅನುಸೂಯಮ್ಮನಿಗಾಗಲಿ ಅವು ಕಂಡೇ ಇರಲಿಲ್ಲ. ಮಗ್ಗದ ಬುಡದಲ್ಲಿ ಅಂಬೆಗಾಲಿಟ್ಟ ಮಕ್ಕಳು ಅವನ್ನು ಯಾಕೆ ಎಣಿಸುತ್ತವೆ? ಬೆಳಕು ಬಿದ್ದಾಗಲೂ ಆ ಎರಡರ ಮೇಲೆ ಯಾರೂ ಬೀಜ ಇಟ್ಟವರಲ್ಲ.

ಇದನ್ನು ಎರಡು ಮಾತಿನಲ್ಲಿ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ.

"ಏನಮ್ಮಾ, ಕಣ್ಣು ಕಾಣಲ್ವಾ ನಿಂಗೆ? ಅದು ಗೂಟದ್ದು! ನಾಲ್ಕು ವರ್ಷದ ಮಗೀಗೆ ಗೊತ್ತು, ನಿಂಗೊತ್ತಿಲ್ಲ, ನೀನ್ಯಾವ ಸೀಮೆ ಸೂಪರ್‌ವೈಸರು!"

"ಯಾರ್ರೀ ಇವನು? ಒಳಗೆ ಯಾಕೆ ಬಿಟ್ಕೊಂಡ್ರಿ?"

"ಮೇಡಂ, ಒಂದ್ನಿಮಿಷ, ಅವ್ನು ಸಿಟ್ಟಿನವ್ನು, ಹೇಳ್ತೀನಿ ಕೇಳಿ" ಎಂದು ಅನುಸೂಯಮ್ಮ ಕಾರ್ಡು ಹಿಡಿದು ಹಿಂದೆ ಓಡಿದರು. ಮೇಡಂ ಚಪ್ಪಲಿ ಮೆಟ್ಟಿ ಆಗಿತ್ತು. ನೌರೀನ್ ಐದು ಬೆರಳನ್ನು ಇನ್ನೂ ಇಳಿಸಿರಲಿಲ್ಲ.

ಎರಡು ತಿಂಗಳಿಗೆ ಅಂಗನವಾಡಿಗೆ ಬೀಗ ಬಿತ್ತು. ಮಕ್ಕಳನ್ನು ರೈಲ್ವೆ ಗೇಟಿನ ಆಚೆಯ ಕೇಂದ್ರಕ್ಕೆ ಸೇರಿಸಿದರು. ಅನುಸೂಯಮ್ಮನನ್ನು ಸಾಸಲಿನ ಕಡೆಯ ಒಂದು ಹಳ್ಳಿಗೆ ಹಾಕಿದರು. ಒಂದು ಟ್ರಂಕು, ಒಂದು ಚಾಪೆ, ಕಾರ್ಡಿನ ಕಟ್ಟು. ಆಟೋಗೆ ನಾನೇ ಎತ್ತಿ ಇಟ್ಟೆ. ಅವರು ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಕಟ್ಟು ಹಿಡಿದುಕೊಂಡು ಅಂಗಡಿಗೆ ಬಂದರು. ನಾನು ಸುಮ್ಮನೆ ಕೂತಿದ್ದೆ. ಹೊಡೆಯಲು ಕೆಲಸವಿರಲಿಲ್ಲ.

"ಅಲ್ಲಿ ಮಕ್ಳು ಐದನ್ನ ಏಳು ಅಂತಾವೆ ಕಣಪ್ಪಾ" ಎಂದರು. "ರಾಗಿ ಹೊಲ ಕಂಡಿರೋ ಮಕ್ಳು. ಗೂಟ ಅಂದ್ರೆ ಎಮ್ಮೆ ಕಟ್ಟೋದಾ ಅಂತಾವೆ. ತುದಿ ಕತ್ತರಿಸಿ ಕೊಡು."

ತುದಿ ಕತ್ತರಿಸಿದ ಕಾರ್ಡು ಯಾವ ಮಗ್ಗಕ್ಕೂ ಏರುವುದಿಲ್ಲ. ನನ್ನ ಕತ್ತರಿ ಒಂದು ಗಳಿಗೆ ನಿಂತಿತು. ಆಮೇಲೆ ಹನ್ನೆರಡನ್ನೂ ಕತ್ತರಿಸಿದೆ. ತೂತಿನ ತುಂಡುಗಳು ಕಾಲ ಬಳಿ ಬಿದ್ದವು.

"ನೌರೀನ್ ಹೆಂಗಿದಾಳೆ?" ಎಂದು ಕೇಳಿದರು.

"ಇಮ್ರಾನ್ ಮಗ್ಗ ಮಾರಿ ಹೊಸಕೋಟೆ ಕಡೆ ಹೋದ. ಫೋನಿಲ್ಲ."

ಅವರು ತಲೆ ಆಡಿಸಿ, ಕಾರ್ಡುಗಳನ್ನು ಸೆರಗಿನಲ್ಲಿ ಒರೆಸಿ ಕಟ್ಟಿಕೊಂಡರು. ಹೊರಗೆ ಬಂದು ಬೀಗ ಹಾಕಿದ ಅಂಗನವಾಡಿಯ ಕಡೆ ತಿರುಗಿ ನೋಡದೆ ಚಪ್ಪಲಿ ಹಾಕಿಕೊಂಡರು.

"ಯಾಕಪ್ಪಾ, ಇವತ್ತು ಬೈಲೇ ಇಲ್ಲ?"

ನಾನು ಬಗ್ಗಿ ತೂತಿನ ತುಂಡುಗಳನ್ನು ಆಯತೊಡಗಿದೆ. ಅವರು ಬೀದಿಯ ತಿರುವು ಮುಟ್ಟುವಾಗ ಬಾಗಿಲಿಗೆ ಬಂದು ಕಿರುಚಿದೆ.

"ನಡೂ ರಸ್ತೇಲಿ ಹೋಗ್ತಿದ್ದೀಯಲ್ಲಕ್ಕಾ, ಲಾರಿ ಬರೋದು ಕಾಣಲ್ವಾ! ಪಕ್ಕಕ್ಕೆ ಹೋಗು!"

ಅನುಸೂಯಮ್ಮ ತಿರುಗದೆಯೇ ಕೈ ಎತ್ತಿ ಆಡಿಸಿ, ಪಕ್ಕಕ್ಕೆ ಸರಿದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಆ ಹೊತ್ತಿನಲ್ಲಿ ನಮ್ಮ ಬೀದಿಗೆ ಯಾವ ಲಾರಿಯೂ ಬರುವುದಿಲ್ಲ.