ಏಳು ಬೈರಾಸು

ದೋಸೆ ಹೊಯ್ದು, ಇವರ ಡಬ್ಬಿ ಕಟ್ಟಿ ಕಳಿಸಿ, ಬಾವಿಕಟ್ಟೆಯ ಹತ್ತಿರ ಹಂಡೆಗೆ ಬೆಂಕಿ ಹಾಕಿದೆ. ಮಗಳ ಕಬಡ್ಡಿ ತಂಡದ ಬೈರಾಸುಗಳನ್ನು ಕುದಿಯುವ ನೀರಿಗೆ ಅದ್ದಿದಾಗ ಒದ್ದೆ ಹತ್ತಿ, ಸೋಪು, ಹೊಗೆ ಬೆರೆತ ವಾಸನೆ ಎದ್ದಿತು... ನಮ್ಮ ಆಟದ ಟೀಚರ ಸೆರಗಿಗಿದ್ದ ವಾಸನೆ.

ತೊಂಬತ್ತೇಳರ ಸುಮಾರಿಗೆ, ಕುಂದಾಪುರದ ಕಾನ್ವೆಂಟಿನಲ್ಲಿ ನಮಗೆ ಕಬಡ್ಡಿ ಕಲಿಸಿದವರು ಅವರು. ಹಿಂದಿನ ವರ್ಷ ಗೆದ್ದ ದಿನ ಏಳೂ ಜನ ಮುಖ ಒರೆಸಿಕೊಂಡ ಬೈರಾಸೊಂದು ನಮ್ಮಲ್ಲಿತ್ತು. ತೊಳೆದರೆ ಗೆಲುವೂ ಹೋದೀತೆಂದು ಅದಕ್ಕೆ ನೀರು ತೋರಿಸಿರಲಿಲ್ಲ. ದಿನಾ ಎಲ್ಲರೂ ಅದರಲ್ಲೇ ಬೆವರು ಒರೆಸುತ್ತಿದ್ದೆವು. ಮಳೆ ಬಿಟ್ಟ ಮೇಲೆ ಒಬ್ಬಳ ಕೆನ್ನೆಯಲ್ಲಿ ನೀರುಗುಳ್ಳೆ ಎದ್ದವು. ಆಮೇಲೆ ನನ್ನ ಕತ್ತಿನಲ್ಲಿ, ಮತ್ತಿಬ್ಬರಲ್ಲಿ...

ಅಮ್ಮ ಸರ್ಪಸುತ್ತೆಂದೇ ತಿಳಿದು ನನ್ನ ಕತ್ತಿನ ಮೇಲೆ ಕೆಮ್ಮಣ್ಣಿನಲ್ಲಿ ಹಾವು ಬರೆಸಿದಳು. ಹೆಣ್ಣುಮಕ್ಕಳು ಚಡ್ಡಿ ಹಾಕಿ ಮಣ್ಣಲ್ಲಿ ಹೊರಳಿದ್ದಕ್ಕೆ ನಾಗ ಮುನಿದಿದ್ದಾನೆ, ಆಟ ಇನ್ನು ಸಾಕು ಎಂದಳು. ಟೀಚರು ಮನೆಗೇ ಬಂದರು. ಇದು ವೈರಸ್ಸು, ಹಿಡಿಯುವಾಗ ಚರ್ಮಕ್ಕೆ ಚರ್ಮ ಉಜ್ಜಿ ಹರಡುವಂಥದ್ದು, ಆ ಬೈರಾಸೂ ಕೈ ಜೋಡಿಸಿರಬಹುದು ಎಂದು ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳಿದರು. ಅಮ್ಮ ಜಗ್ಗಲಿಲ್ಲ.

“ಕತ್ತಿಗೆ ಕಲಿ ಬಿದ್ರೆ ನಾಳೆ ಯಾರ್ ಮದಿ ಆತ್ರ್, ಟೀಚರೇ?”

“ಕಲಿ ಕಂಡ್ ಓಡಿ ಹೋಪವ ಇವಳಿಗೆ ಎಂತಕ್ಕ್? ನಾಗಂಗೆ ಹಾಲೆರ್ದ್ ತನು ಹಾಕಿ, ಬ್ಯಾಡ ಅಂಬುದಿಲ್ಲೆ. ಆರೆ ಹೆಣ್ಣಿನ್ ಆಟ ನಿಲ್ಸಿ ಅಂದೇಳಿ ನಾಗ ಯಾರತ್ರ ಹೇಳಿದ್ದ್?”

ಅಮ್ಮ ಒಳಗೆ ಹೋಗಿ ಕಾಫಿ ತಂದಿಟ್ಟಳು.

ಆ ವರ್ಷದ ಪಂದ್ಯಕ್ಕೆ ಮಾತ್ರ ನಮ್ಮನ್ನು ತಡೆದವರು ಟೀಚರೇ. ಪೌಡರ್ ಬಳಿದು ಆಡಿಸಿ ಎಂದ ಶಾಲೆಯ ಹಿರಿಯರಿಗೆ, ಎದುರು ತಂಡದ ಮಕ್ಕಳಿಗೂ ಚರ್ಮ ಇದೆ ಎಂದರಂತೆ. ಗುಳ್ಳೆ ಒಣಗಿ ಹಕ್ಕಳೆ ಉದುರುವವರೆಗೆ ಒಬ್ಬರನ್ನೊಬ್ಬರು ಮುಟ್ಟದಂತೆ, ಕೈಗೆ ಕೈ ಹಿಡಿಯುವ ಬದಲು ಹಗ್ಗದ ತುಂಡು ಹಿಡಿಸಿ, ಎದುರಾಳಿಯನ್ನು ಸುತ್ತುವ ಸರಪಳಿ ಕಲಿಸಿದರು. ಗೆಲುವಿನ ಬೈರಾಸನ್ನು ನಮ್ಮೆದುರೇ ಕುದಿನೀರಿಗೆ ಹಾಕಿದರು. ಅತ್ತೆವು. ಮರುದಿನ ಏಳು ಬೈರಾಸು ತಂದರು, ಒಂದೊಂದರ ಮೂಲೆಗೂ ಬೇರೆ ಬಣ್ಣದ ದಾರ. ನನ್ನದು ನೇರಳೆ. ವಾರಕ್ಕೊಮ್ಮೆ ಏಳನ್ನೂ ತಾವೇ ಹಂಡೆಯಲ್ಲಿ ಕುದಿಸಿ ಒಗೆದು ತರುತ್ತಿದ್ದರು.

ಮರುವರ್ಷ ಅಂಕಣಕ್ಕಿಳಿದೆವು. ಸೋತೆವು. ಆದರೆ ಆಡಿ ಸೋತೆವು.

ಜೋರು ಜ್ವರ ಬಂದರೆ ಈಗಲೂ ನನಗೆ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ. ಮದುವೆಯಾದವರು ಕಲೆ ಕಂಡು ಓಡಲಿಲ್ಲ. ಅದನ್ನು ಟೀಚರಿಗೆ ಹೇಳಿ ನಗಬೇಕೆಂದಿದ್ದೆ... ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಸಂಜೆ, ನಾನು ಬೇರೆ ಬೇರೆ ಬಣ್ಣದ ದಾರ ಹೊಲಿದಿದ್ದ ಮೂಲೆಗಳು ಕಾಣುವಂತೆ ಏಳೂ ಬೈರಾಸುಗಳನ್ನು ತಂತಿಯ ಮೇಲೆ ಸರಿಪಡಿಸುತ್ತಿದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯವರು ಬಗ್ಗಿ ನೋಡಿದರು.

“ಹ್ವಾಯ್, ನಿಮ್ಮನಿ ಹೆಣ್ಣ್ ಇನ್ನೂ ಆಟ ಬಿಡ್ಲಿಲ್ಯಾ?”