ವರ್ನಾಳ ಚಮಚದ ನಕ್ಷತ್ರ

ಪೆನ್ಸಿಲ್ವೇನಿಯಾದ ನಮ್ಮ ಬರ್ಕ್ಸ್ ಕೌಂಟಿಯಲ್ಲಿ ಮಾಹ್ಲನ್ ಡ್ರೈಬೆಲ್ಬಿಸ್ ಕಟ್ಟಿದ ಚಕಮಕಿ ಕೋವಿಯನ್ನು ಗುರುತಿಸಲು ಕಷ್ಟವೇನಿರಲಿಲ್ಲ. ನಳಿಗೆಯ ನೆತ್ತಿಯ ಮೇಲೆ ಅವನ ಹೆಸರಿರುತ್ತಿತ್ತು. ಇನ್ನೂರು ವರ್ಷದ ಹಿಂದೆ ಇಲ್ಲಿ ಕೋವಿ ಕಟ್ಟುತ್ತಿದ್ದವರೂ ಹಾಗೇ ಹೆಸರು ಕೊರೆಯುತ್ತಿದ್ದರು. “ಹೆಸರಿಲ್ಲದ ಕೋವಿ ಅಂದ್ರೆ ಅಪ್ಪ ಯಾರು ಅಂತ ಹೇಳದ ಮಗು” ಎನ್ನುತ್ತಿದ್ದ ಮಾಹ್ಲನ್. ಇಷ್ಟು ಕಟ್ಟುನಿಟ್ಟಿನ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಕೋವಿಗೆ ಹೆಸರು ಹಾಕದೆ ಬಿಟ್ಟ. ಅದೇ ಅವನ ಕೊರಳಿಗೆ ಬಂತು.

ಹಾಗೆ ಬಿಡಿಸಿದವನು ಅವನ ಭಾಮೈದ ವಿಲ್ಮರ್ ಕರ್ಚರ್. ಹಳೆಯ ಕೋವಿಗಳನ್ನು ಕೂಡಿಹಾಕುವ ಹುಚ್ಚು ಅವನಿಗೆ. ಕೊಳ್ಳುತ್ತಿದ್ದ, ಮಾರುತ್ತಿದ್ದ, ಭಾನುವಾರವಾದರೆ ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದ. ಅಕ್ಕ ವರ್ನಾ ತೀರಿಕೊಂಡ ಮೇಲೂ ಆ ಊಟ ತಪ್ಪಲಿಲ್ಲ. ಅವಳು ಹೋದ ಚಳಿಗಾಲದ ಒಂದು ಭಾನುವಾರ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದ:

“ಭಾವ, ಅಕ್ಕನ ನೆನಪಿಗೆ ನಂಗೊಂದು ಕೋವಿ ಕಟ್ಕೊಡಿ. ಅಗ್ಗಿಷ್ಟಿಕೆ ಮೇಲೆ ತೂಗು ಹಾಕ್ತೀನಿ. ಆದ್ರೆ ಹೆಸರು ಮಾತ್ರ ಬೇಡ.”

“ಯಾಕೋ ಬೇಡ?”

“ನೋಡ್ದಾಗೆಲ್ಲ ಅಕ್ಕ ನೆನಪಾಗ್ಬೇಕು. ನಿಮ್ಮ ಸೊಟ್ಟ ಅಕ್ಷರ ಯಾರಿಗ್ ಬೇಕು?”

ಹೆಂಡತಿ ಸತ್ತ ಮೇಲೆ ಮಾಹ್ಲನ್ ನಕ್ಕಿದ್ದು ಅವತ್ತೇ ಮೊದಲು. ಆ ನಗುವಿನಲ್ಲೇ ಒಪ್ಪಿಬಿಟ್ಟ.

ಚಳಿಗಾಲವಿಡೀ ಅದೇ ಕೆಲಸ. ನಳಿಗೆಗೆ ದೀಪದ ಮಸಿ ಹಿಡಿಸುವುದು, ಮೇಪಲ್ ಮರದ ತೋಡಿನಲ್ಲಿ ಕೂರಿಸಿ ಒತ್ತುವುದು, ಕಪ್ಪು ಅಂಟಿದ ಕಡೆ ಮಾತ್ರ ಹೆರೆಯುವುದು, ಮತ್ತೆ ಮಸಿ ಹಿಡಿಸುವುದು. ಮರಕ್ಕೂ ಕಬ್ಬಿಣಕ್ಕೂ ನಡುವೆ ಕೂದಲು ತೂರಬಾರದು. ಗುರಿ ಇಡುವವನ ಕೆನ್ನೆ ತಾಗುವಲ್ಲಿ ಎಂಟು ಮೊನೆಯ ಬೆಳ್ಳಿ ನಕ್ಷತ್ರ ಕೂರಿಸುವುದು ಇಲ್ಲಿನ ಹಳೆಯ ಪದ್ಧತಿ. ಮಾಹ್ಲನ್ ಅದಕ್ಕೆ ಅಂಗಡಿಯ ಬೆಳ್ಳಿ ತರಲಿಲ್ಲ. ವರ್ನಾಳ ನಾಮಕರಣಕ್ಕೆ ಬಂದಿದ್ದ ಬೆಳ್ಳಿ ಚಮಚವನ್ನು ತಟ್ಟಿ, ಕತ್ತರಿಸಿ ಕೂರಿಸಿದ. ಅದರ ಬೆನ್ನಿಗೆ ಕೊರೆದಿದ್ದ ‘ವಿ’, ಅವಳ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ, ಮರದ ಕಡೆಗಿತ್ತು.

“ಗುರಿ ಇಟ್ಟಾಗೆಲ್ಲ ನಿಮ್ಮಕ್ಕನ ಚಮಚ ನಿನ್ನ ಕೆನ್ನೆಗೆ ತಾಗುತ್ತೆ ಕಣೋ” ಎಂದಾಗ ವಿಲ್ಮರ್ ತಬ್ಬಿಕೊಂಡು ಅತ್ತ. ಆ ಅಳು ನಿಜವಾದದ್ದು ಎಂದು ಮಾಹ್ಲನ್ ಇವತ್ತಿಗೂ ಹೇಳುತ್ತಾನೆ. ಹೇಳಲಿ ಬಿಡಿ, ನನಗಂತೂ ನಂಬಿಕೆಯಿಲ್ಲ.

ಕೆಲವು ವರ್ಷ ಕಳೆದವು. ಅಗ್ಗಿಷ್ಟಿಕೆಯ ಮೇಲೆ ಕೋವಿ ಕಾಣದಾಗ ವಿಲ್ಮರ್ “ಒಳಗೆ ಭದ್ರವಾಗಿಟ್ಟಿದ್ದೀನಿ ಭಾವ” ಎಂದ. ಮಾಹ್ಲನ್ ಮತ್ತೆ ಕೇಳಲಿಲ್ಲ. ಮನೆಯವನನ್ನು ಯಾರು ಅನುಮಾನಿಸುತ್ತಾರೆ?

ಅದರ ಮುಂದಿನ ವಸಂತದಲ್ಲಿ ಅಗ್ನಿಶಾಮಕದವರ ಸಭಾಂಗಣದಲ್ಲಿ ಕೋವಿ ಸಂಗ್ರಹಕಾರರ ಕೂಟ ಸೇರಿತು. ಕಾಫಿ, ಕಾಕಂಬಿ ಪೈ, ಹಸಿರು ಬಟ್ಟೆ ಹಾಸಿದ ಉದ್ದ ಮೇಜುಗಳು. ಕೂಟದ ಹಿರಿಯ ಲೂಥರ್ ಆಂಗ್‌ಸ್ಟಾಟ್ ಹೊಸದಾಗಿ ಕೊಂಡ ಕೋವಿಯನ್ನು ನಡುವೆ ಇಟ್ಟಿದ್ದ. ‘ಇನ್ನೂರು ವರ್ಷ ಹಳೆಯದು, ಕಟ್ಟಿದ ಗುರು ಯಾರೆಂದು ತಿಳಿಯದು’ ಎಂಬ ಚೀಟಿ. ಹಳೆಯದಾಗಿ ಕಾಣಲೆಂದು ಮರಕ್ಕೆ ಕಪ್ಪು ಕುಡಿಸಿದ್ದರು, ಕಬ್ಬಿಣಕ್ಕೆ ತುಕ್ಕು ತಿನ್ನಿಸಿದ್ದರು. ಮಾಹ್ಲನ್ ಅದನ್ನು ಎತ್ತಿ ಕೆನ್ನೆಗೆ ಇಟ್ಟುಕೊಂಡ. ಹೆತ್ತವಳಿಗೆ ಕತ್ತಲಲ್ಲೂ ತನ್ನ ಕೂಸು ಗೊತ್ತಾಗುತ್ತದೆ.

“ಇದು ನಾನು ಕಟ್ಟಿದ್ದು” ಎಂದ.

ಲೂಥರ್ ನಕ್ಕ. “ನಿಮ್ಮ ಕೈ ಒಳ್ಳೇದೇ ಮಾಹ್ಲನ್. ಆದ್ರೆ ಇಷ್ಟು ಒಳ್ಳೇದಲ್ಲ ಬಿಡಿ.”

ಹಿತ್ತಲ ಗಿಡ ಮದ್ದಲ್ಲ. ಅದೇ ಕೈ ಇನ್ನೂರು ವರ್ಷದ ಹಿಂದೆ ಮಣ್ಣಾಗಿದ್ದರೆ ಗುರುವಿನ ಕೈ.

ಮಾಹ್ಲನ್ ಕಾಫಿ ಹಂಡೆಯ ಬಳಿ ನಿಂತಿದ್ದ ವಿಲ್ಮರ್‌ನ ಮುಖ ನೋಡಿದ. ಇವನೊಬ್ಬ ಒಂದು ಮಾತು ಹೇಳಿದರೆ ಸಾಕಿತ್ತು. ವಿಲ್ಮರ್ ಬಂದು ಭಾವನ ಹೆಗಲ ಮೇಲೆ ಕೈಯಿಟ್ಟ.

“ಅಕ್ಕ ಹೋದ್ಮೇಲೆ ಇವರು ಹೀಗೇ. ಒಳ್ಳೇ ಕೋವಿ ಕಂಡ್ರೆ ತಮ್ದೇ ಅಂತಾರೆ. ಬೇಜಾರ್ ಮಾಡ್ಕೋಬೇಡಿ.”

ಸತ್ತವಳನ್ನೂ ಸುಳ್ಳಿಗೆ ಸಾಕ್ಷಿ ಮಾಡಿದ್ದ. ಮಾಹ್ಲನ್ ಕೋವಿಯನ್ನು ಲೂಥರ್‌ನ ಮುಂದೆ ಇಟ್ಟ. “ನಕ್ಷತ್ರ ಎಬ್ಬಿಸಿ ನೋಡಿ. ಬೆನ್ನ ಮೇಲೆ ನನ್ನ ಹೆಂಡತಿಯ ‘ವಿ’ ಇಲ್ದಿದ್ರೆ ನಾನು ಸುಳ್ಳುಗಾರ.”

ಲೂಥರ್ ಹಿಂದೆಮುಂದೆ ನೋಡಿದ. “ಎಬ್ಬಿಸಿ, ಅವರಿಗೂ ಸಮಾಧಾನ ಆಗ್ಲಿ” ಎಂದವನು ವಿಲ್ಮರನೇ. ತೆಳು ಚಾಕು ಆಡಿಸಿ ಲೂಥರ್ ನಕ್ಷತ್ರ ಬಿಡಿಸಿದ. ಬೆನ್ನು ಬೋಳು. ಯಾವುದೋ ಸವೆದ ಹಳೆಯ ಬೆಳ್ಳಿ.

ಸುತ್ತಲಿದ್ದವರು ನಕ್ಕರು. ಮಾಹ್ಲನ್‌ಗೆ ಆ ನಗು ಕೇಳಿಸಲಿಲ್ಲ. ಕೋವಿ, ಹೆಸರು, ಮಾನ ಎಲ್ಲ ಮರೆತು, ಅಡುಗೆಮನೆಯಲ್ಲಿ ಕೇಳುವಂತೆ ಕೇಳಿದ:

“ವಿಲ್ಮರ್, ಅಕ್ಕನ ಚಮಚ ಏನ್ಮಾಡ್ದೆ?”

ಜಗಳಕ್ಕೆ ಸಿದ್ಧನಾಗಿದ್ದ ವಿಲ್ಮರ್ ಆ ದನಿಗೆ ಸಿದ್ಧನಾಗಿರಲಿಲ್ಲ. “ಅದು ತೀರಾ ಹೊಸದಾಗಿ ಕಾಣ್ತಿತ್ತು ಭಾವ” ಎಂದುಬಿಟ್ಟ.

ನಗು ನಿಂತಿತು.

“ಎಲ್ಲಿಟ್ಟಿದ್ದೀಯ?”

“ಎಲ್ಲೋ... ನೆನಪಿಲ್ಲ.”

ಲೂಥರ್‌ನ ಮುಖ ಬೆಳ್ಳಗಾಗಿತ್ತು. “ತಪ್ಪಾಯ್ತು ಮಾಹ್ಲನ್. ನಿಮ್ಮ ಹೆಸರು ಕೊರೀರಿ, ಈಗ್ಲೇ. ನಾವೆಲ್ಲ ಇದ್ದೀವಿ” ಎಂದು ಕೋವಿಯನ್ನು ಮುಂದೆ ಹಿಡಿದ.

ಮಾಹ್ಲನ್ ಮರದಲ್ಲಿ ನಕ್ಷತ್ರವಿದ್ದ ಗುಳಿಯನ್ನು ಹೆಬ್ಬೆರಳಿನಿಂದ ಸವರಿದ. “ಇದಕ್ಕೆ ನನ್ನ ಹೆಸರು ಬೇಡ” ಎಂದು ಟೋಪಿ ಹಾಕಿಕೊಂಡ. ಬಾಗಿಲವರೆಗೆ ಹೋಗಿ ತಿರುಗಿ ನಿಂತ.

“ಭಾನುವಾರ ಊಟಕ್ಕೆ ಬರ್ಬೇಡ ಕಣೋ. ಅವಳ ಮಿಕ್ಕ ಚಮಚ ಎಲ್ಲ ಆ ಮನೇಲೇ ಇವೆ.”